ಟೂ-ವೀಲ್ ಡ್ರೈವ್ ಪಿಕಪ್ಪಿನಲ್ಲಿ ಹಿಮ ಬಾಚಬಹುದೇ?

ಮಿಶಿಗನ್, ಮಿನ್ನೆಸೋಟ, ನ್ಯೂಯಾರ್ಕ್ ರಾಜ್ಯಗಳ ಹೆದ್ದಾರಿಗಳಲ್ಲಿ ಚಳಿಗಾಲದ ರಾತ್ರಿಯಿಡೀ ಹಿಮ ಬಾಚುವ ದೈತ್ಯ ಟ್ರಕ್ಕುಗಳಲ್ಲಿ ಹೆಚ್ಚಿನವುಗಳ ಮುಂದಿನ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವುದೇ ಇಲ್ಲ. ಇರುವ ಬಲವೆಲ್ಲ ಹಿಂದಿನ ಆ್ಯಕ್ಸಲ್‌ಗಳಿಗೆ. ಆದರೂ ಅವು ಎದೆಯೆತ್ತರದ ಹಿಮವನ್ನು ರಸ್ತೆಯಂಚಿಗೆ ಎಸೆಯುತ್ತ ಸಾಗುತ್ತವೆ. ಅವುಗಳ ಬೆನ್ನ ಮೇಲೆ ಟನ್‌ಗಟ್ಟಲೆ ಉಪ್ಪು, ಮರಳು ಇರುತ್ತದೆ. ಆ ಭಾರ ಎಂಜಿನ್ ತಿರುಗಿಸುವ ಚಕ್ರಗಳನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಬಲದಿಂದ ತಿರುಗುವ ಚಕ್ರದ ಮೇಲೆ ಎಷ್ಟು ಭಾರವಿದೆ, ಆ ಚಕ್ರದ ಕೆಳಗೆ ಎಂಥ ನೆಲವಿದೆ ಎಂಬ ಎರಡು ಸಂಗತಿಗಳೇ ಹಿಮದಲ್ಲಿ ಎಲ್ಲವನ್ನೂ ತೀರ್ಮಾನಿಸುತ್ತವೆ. ಎಷ್ಟು ಚಕ್ರ ತಿರುಗುತ್ತವೆ ಎನ್ನುವುದು ಅದರ ನಂತರದ ಮಾತು.

ಉತ್ತರ ಅಮೆರಿಕದ ಹಿಮಪ್ರದೇಶಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಊರಿನಿಂದ ತುಸು ಹೊರಗೆ, ಉದ್ದನೆಯ ಡ್ರೈವ್‌ವೇ ಇರುವ ಮನೆ ಕೊಂಡವರಿಗೆ ಮೊದಲ ಚಳಿಗಾಲದಲ್ಲೇ ಈ ಪ್ರಶ್ನೆ ಎದುರಾಗುತ್ತದೆ. ಮನೆಯಲ್ಲೊಂದು ಹಿಂಗಾಲಿ ಚಾಲನೆಯ ಪಿಕಪ್ ಇದೆ. ಅದರ ಮೂತಿಗೆ ಪ್ಲೋ ಕಟ್ಟಿದರೆ ಸಾಕೇ, ಫೋರ್-ವೀಲ್ ಡ್ರೈವ್ ಬೇಕೇ ಬೇಕೇ? ಸಮತಟ್ಟಾದ ಸ್ವಂತ ಅಂಗಳಕ್ಕೆ, ಮುಂಚಿತವಾಗಿ ತಯಾರಿ ಮಾಡಿಕೊಂಡರೆ, ಟೂ-ವೀಲ್ ಡ್ರೈವ್ ಸಾಕು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಏರುದಾರಿಗೆ ಸಾಲದು. ಬೇರೆಯವರ ಅಂಗಳ ತೆಗೆದುಕೊಡುವ ಬಾಡಿಗೆ ಕೆಲಸಕ್ಕಂತೂ ಅದನ್ನು ನೆಚ್ಚಿಕೊಳ್ಳಬೇಡಿ.

ಭಾರದ ಲೆಕ್ಕ

ಒಣ ಡಾಂಬರಿನ ಮೇಲೆ ಟೈರಿನ ಘರ್ಷಣೆಯ ಪ್ರಮಾಣ 0.7ರಿಂದ 0.8ರಷ್ಟಿರುತ್ತದೆ. ತುಳಿದು ಗಟ್ಟಿಯಾದ ಹಿಮದ ಮೇಲೆ ಅದು 0.2–0.3ಕ್ಕೆ ಇಳಿಯುತ್ತದೆ, ಮಂಜುಗಡ್ಡೆಯ ಮೇಲೆ 0.1 ಅಥವಾ ಅದಕ್ಕೂ ಕಡಿಮೆ. ಸೊನ್ನೆ ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಗಡ್ಡೆಯ ಮೇಲೆ ನೀರಿನ ತೆಳುಪದರ ನಿಂತಾಗ ಜಾರಿಕೆ ಅತಿ ಹೆಚ್ಚು. ಕೊರೆಯುವ ಚಳಿಯ ದಿನಕ್ಕಿಂತ ಬಿಸಿಲು ಬಂದು ಅರೆಬರೆ ಕರಗಿದ ದಿನವೇ ಅಪಾಯಕಾರಿ ಎಂಬುದನ್ನು ಹೊಸಬರು ನೆನಪಿಡಬೇಕು.

ಉದಾಹರಣೆಗೆ 2000 ಕಿಲೋ ತೂಕದ ಖಾಲಿ ಪಿಕಪ್ ಒಂದನ್ನು ತೆಗೆದುಕೊಳ್ಳಿ. ಎಂಜಿನ್ ಮುಂದಿರುವುದರಿಂದ ಹಿಂದಿನ ಚಕ್ರಗಳ ಮೇಲೆ ಬೀಳುವುದು ಸುಮಾರು 850 ಕಿಲೋ ಮಾತ್ರ. ಘರ್ಷಣೆ 0.25 ಎಂದುಕೊಂಡರೆ ಆ ಚಕ್ರಗಳು ಹೆಚ್ಚೆಂದರೆ 210 ಕಿಲೋದಷ್ಟು ಬಲದಿಂದ ತಳ್ಳಬಲ್ಲವು. ಈಗ ಮುಂದೆ 300 ಕಿಲೋದ ಪ್ಲೋ ಕಟ್ಟಿ ಎತ್ತಿ ಹಿಡಿಯಿರಿ. ಅದರ ಭಾರದ ಕೇಂದ್ರ ಮುಂದಿನ ಆ್ಯಕ್ಸಲ್‌ಗಿಂತ 1.2 ಮೀಟರ್ ಮುಂದಿದ್ದು, ಎರಡು ಆ್ಯಕ್ಸಲ್‌ಗಳ ನಡುವೆ 3.6 ಮೀಟರ್ ಇದ್ದರೆ, ಹಾರೆ ಮೀಟಿದಂತೆ ಹಿಂಭಾಗದಿಂದ 100 ಕಿಲೋ ಮೇಲಕ್ಕೆದ್ದು ಹೋಗುತ್ತದೆ. ಉಳಿಯುವುದು 750. ಬ್ಲೇಡನ್ನು ನೆಲಕ್ಕೆ ಇಳಿಸಿದಾಗ ಪ್ಲೋವಿನ ಭಾರವನ್ನು ನೆಲ ಹೊರುವುದರಿಂದ ಆ 100 ಕಿಲೋ ಹೆಚ್ಚೂಕಡಿಮೆ ಮರಳಿ ಬರುತ್ತದೆ. ಹೀಗಾಗಿ ಹಿಂಗಾಲಿ ಚಾಲನೆಯ ಟ್ರಕ್ ಹಿಮ ತಳ್ಳುವಾಗ ಸಿಕ್ಕಿಹಾಕಿಕೊಳ್ಳುವುದಕ್ಕಿಂತ, ಬ್ಲೇಡ್ ಎತ್ತಿಕೊಂಡು ರಿವರ್ಸ್ ಬರುವಾಗ ಸಿಕ್ಕಿಹಾಕಿಕೊಳ್ಳುವುದೇ ಹೆಚ್ಚು.

ಅದೇ ಟ್ರಕ್ಕಿಗೆ ನಾಲ್ಕೂ ಚಕ್ರದ ಚಾಲನೆ ಇದ್ದಿದ್ದರೆ ಇಡೀ 2000 ಕಿಲೋ ಕೆಲಸಕ್ಕೆ ಬಂದು, ತಳ್ಳುವ ಬಲ 500 ಕಿಲೋದಷ್ಟಾಗುತ್ತಿತ್ತು. ಈ ವ್ಯತ್ಯಾಸವನ್ನು ಮುಚ್ಚಿಟ್ಟು ಯಾರಾದರೂ ಧೈರ್ಯ ಹೇಳಿದರೆ ನಂಬಬೇಡಿ. ಮರಳು, ಚೈನು, ಕೆಲಸದ ಕ್ರಮ ಇವು ಮೂರೂ ಸೇರಿ ಈ ಕೊರತೆಯನ್ನು ಬಹಳಷ್ಟು ತುಂಬಿಕೊಡುತ್ತವೆ, ಪೂರ್ತಿ ತುಂಬಲಾರವು.

ನಮ್ಮ ರೈತರಿಗೆ ಇದು ಹೊಸ ವಿದ್ಯೆಯಲ್ಲ. ಕರ್ನಾಟಕದ ಹೊಲಗಳಲ್ಲಿ ಓಡುವ ಬಹುಪಾಲು ಟ್ರ್ಯಾಕ್ಟರುಗಳು ಹಿಂದಿನ ಎರಡು ಚಕ್ರದ ಬಲದಲ್ಲೇ ದುಡಿಯುತ್ತವೆ. ಹಿಡಿತ ಸಾಲದಾಗ ಹಿಂದಿನ ಟೈರಿಗೆ ನೀರು ತುಂಬಿಸುತ್ತಾರೆ, ಗದ್ದೆಯ ಕೆಸರಿಗೆ ಇಳಿಯುವಾಗ ಕೇಜ್‌ವೀಲ್ ಹಾಕುತ್ತಾರೆ. ನೀರಿನ ಜಾಗದಲ್ಲಿ ಮರಳಿನ ಚೀಲ, ಕೇಜ್‌ವೀಲ್ ಜಾಗದಲ್ಲಿ ಚೈನು ಇಟ್ಟುಕೊಂಡರೆ ಮಿಶಿಗನ್ನಿನ ಅಂಗಳದಲ್ಲೂ ಅದೇ ಉಪಾಯ.

ಮೊದಲು ಅಂಗಳ ನೋಡಿ

ಪ್ಲೋ ಕೊಳ್ಳುವುದಕ್ಕೆ ಮುಂಚೆ ಹಿಮ ಬೀಳದ ಒಂದು ದಿನ ಡ್ರೈವ್‌ವೇ ಉದ್ದಕ್ಕೂ ನಡೆಯಿರಿ. ಏರು ಎಲ್ಲಿ, ತಿರುವು ಎಲ್ಲಿ, ಟ್ರಕ್ ತಿರುಗಿಸಲು ಜಾಗ ಎಲ್ಲಿ, ಬಾಚಿದ ಹಿಮವನ್ನು ಎಲ್ಲಿ ಗುಡ್ಡೆ ಹಾಕುವುದು? ಕೊನೆಯ ಪ್ರಶ್ನೆಯನ್ನು ಎಲ್ಲರೂ ಹಗುರವಾಗಿ ತೆಗೆದುಕೊಳ್ಳುತ್ತಾರೆ. 20 ಮೀಟರ್ ಉದ್ದ, 4 ಮೀಟರ್ ಅಗಲದ ಅಂಗಳದಲ್ಲಿ 10 ಸೆಂಟಿಮೀಟರ್ ಹಿಮ ಬಿದ್ದರೆ 8 ಘನ ಮೀಟರ್. ಪುಡಿಪುಡಿಯಾದ ಹೊಸ ಹಿಮವಾದರೆ ಸುಮಾರು 800 ಕಿಲೋ, ನೀರು ಕುಡಿದ ಭಾರದ ಹಿಮವಾದರೆ 2400 ಕಿಲೋ. ಇದು ಒಂದೇ ಬಾರಿಯ ಹಿಮದ ಲೆಕ್ಕ. ಸುಪೀರಿಯರ್ ಸರೋವರಕ್ಕೆ ಚಾಚಿಕೊಂಡಿರುವ ಮಿಶಿಗನ್ನಿನ ಕೀವಿನಾ ಪರ್ಯಾಯದ್ವೀಪದಲ್ಲಿ 1978–79ರ ಚಳಿಗಾಲವೊಂದರಲ್ಲೇ 390.4 ಇಂಚು, ಅಂದರೆ ಹತ್ತಿರ ಹತ್ತಿರ 10 ಮೀಟರ್ ಹಿಮ ಬಿದ್ದಿತ್ತು. 2022ರ ನವೆಂಬರಿನಲ್ಲಿ ಬಫಲೋ ನಗರದ ಪಕ್ಕದ ಆರ್ಚರ್ಡ್ ಪಾರ್ಕಿನಲ್ಲಿ ಕೆಲವೇ ದಿನಗಳಲ್ಲಿ ಸುಮಾರು 80 ಇಂಚು ಬಿತ್ತು. ಸರೋವರದ ಮೇಲಿಂದ ಬೀಸುವ ಗಾಳಿ ತರುವ ಇಂಥ ಹಿಮದ ಎದುರು ಮನೆಬಳಕೆಯ ಯಾವ ಪಿಕಪ್ಪೂ ನಿಲ್ಲುವುದಿಲ್ಲ, ಅದಕ್ಕೆ ಎಷ್ಟೇ ಚಕ್ರದ ಚಾಲನೆ ಇರಲಿ.

ಉಪನಗರದ ಎರಡು ಕಾರಿನ ಪುಟ್ಟ ಡ್ರೈವ್‌ವೇ ನಿಮ್ಮದಾದರೆ ಈ ಗೊಡವೆಯೇ ಬೇಡ, ಒಳ್ಳೆಯ ಸ್ನೋಬ್ಲೋವರ್ ಒಂದನ್ನು ಕೊಳ್ಳಿ. ಪ್ಲೋ ಹಿಮವನ್ನು ತಳ್ಳಿ ಗುಡ್ಡೆ ಮಾಡುತ್ತದೆಯೇ ಹೊರತು ಎತ್ತಿ ಎಸೆಯುವುದಿಲ್ಲ, ಗುಡ್ಡೆಗೆ ಜಾಗವಿಲ್ಲದ ಕಡೆ ಅದರಿಂದ ಪ್ರಯೋಜನವಿಲ್ಲ.

ಮರಳು, ಚೈನು, ಟೈರು

ಪಿಕಪ್ಪಿನ ಹಿಂದಿನ ತೊಟ್ಟಿಯಲ್ಲಿ ಭಾರ ಹೇರುವುದು ಮೊದಲ ಕೆಲಸ. ಚಳಿಗಾಲ ಶುರುವಾಗುತ್ತಲೇ ಅಲ್ಲಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ 60 ಪೌಂಡಿನ, ಎಂದರೆ 27 ಕಿಲೋದ ಕೊಳವೆಯಾಕಾರದ ಮರಳಿನ ಚೀಲಗಳು ಬರುತ್ತವೆ. ಇದಕ್ಕಿಂತ ಒಳ್ಳೆಯ ಭಾರ ಇನ್ನೊಂದಿಲ್ಲ. ಸಿಕ್ಕಿಹಾಕಿಕೊಂಡಾಗ ಒಂದು ಚೀಲ ಹರಿದು ಚಕ್ರದ ಕೆಳಗೆ ಸುರಿಯಬಹುದು. ಉಪ್ಪಿನ ಚೀಲವಾದರೆ ಸೋರಿ ತೊಟ್ಟಿಗೆ ತುಕ್ಕು ಹಿಡಿಸುತ್ತದೆ. ನೀರಿನ ಡ್ರಮ್ಮು ಕುಲುಕಾಡುತ್ತದೆ, ಹೆಪ್ಪುಗಟ್ಟಿ ಒಡೆಯುತ್ತದೆ. ಇಟ್ಟಿಗೆ, ಕಾಂಕ್ರೀಟು ಕಲ್ಲುಗಳನ್ನಂತೂ ಬಿಡಿಯಾಗಿ ತುಂಬಲೇಬೇಡಿ. ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಅವು ಕ್ಯಾಬಿನ್ನಿನ ಹಿಂದಿನ ಗಾಜು ಒಡೆದು ಒಳಗೇ ಬರಬಲ್ಲವು.

ಚೀಲಗಳನ್ನು ಹಿಂದಿನ ಆ್ಯಕ್ಸಲ್‌ಗಿಂತ ತುಸು ಹಿಂದಕ್ಕೆ ಜೋಡಿಸಿ. 250 ಕಿಲೋ ಮರಳನ್ನು ಆ್ಯಕ್ಸಲ್‌ಗಿಂತ 60 ಸೆಂಟಿಮೀಟರ್ ಹಿಂದೆ ಇಟ್ಟರೆ ಹಿಂದಿನ ಚಕ್ರಗಳಿಗೆ ಸಿಗುವುದು ಸುಮಾರು 290 ಕಿಲೋ. ಪ್ಲೋ ಕಟ್ಟಿ ಬಾಗಿದ ಮುಂಭಾಗ 40 ಕಿಲೋ ಹಗುರಾಗುತ್ತದೆ. ನಮ್ಮ ಉದಾಹರಣೆಯ ಟ್ರಕ್ಕಿನ ತಳ್ಳುವ ಬಲ 210ರಿಂದ 285ಕ್ಕೆ ಏರುತ್ತದೆ. ಚೀಲಗಳು ಮುಂದಕ್ಕೆ ಜಾರದಂತೆ ಮರದ ಪಟ್ಟಿಗಳ ಚೌಕಟ್ಟು ಹೊಡೆದು, ಮೇಲೆ ಪಟ್ಟಿ ಬಿಗಿಯಿರಿ. ಇನ್ನೊಂದಷ್ಟು ಹಾಕೋಣ ಎಂದು ಹೇರುತ್ತ ಹೋಗುವಂತಿಲ್ಲ. ಚಾಲಕನ ಬಾಗಿಲಿನ ಚೌಕಟ್ಟಿಗೆ ಅಂಟಿಸಿರುವ ಚೀಟಿಯಲ್ಲಿ ಇಡೀ ವಾಹನದ ಗರಿಷ್ಠ ತೂಕ, ಮುಂದಿನ ಆ್ಯಕ್ಸಲ್‌ನ ಮಿತಿ, ಹಿಂದಿನ ಆ್ಯಕ್ಸಲ್‌ನ ಮಿತಿ ಮೂರನ್ನೂ ಬರೆದಿರುತ್ತಾರೆ. ಪ್ಲೋ, ಮರಳು, ಒಳಗೆ ಕೂತವರು, ಪೆಟ್ರೋಲು ಎಲ್ಲ ಸೇರಿ ಆ ಮೂರರ ಒಳಗೇ ಇರಬೇಕು. ತೂಕದ ಕಟ್ಟೆಗೆ ಒಯ್ದು ಮುಂದಿನ, ಹಿಂದಿನ ಆ್ಯಕ್ಸಲ್‌ಗಳನ್ನು ಬೇರೆ ಬೇರೆಯಾಗಿ ತೂಗಿಸುವುದು ಅತ್ಯುತ್ತಮ.

ಟೈರಿನ ವಿಷಯದಲ್ಲಿ ಜಿಪುಣತನ ಮಾಡಬೇಡಿ. ಮೂರು ಶಿಖರಗಳ ಬೆಟ್ಟದೊಳಗೆ ಹಿಮದ ಹರಳು ಇರುವ ಗುರುತು ಟೈರಿನ ಪಕ್ಕದಲ್ಲಿದೆಯೇ ನೋಡಿ. ಉಷ್ಣಾಂಶ 7 ಡಿಗ್ರಿಗಿಂತ ಕೆಳಗಿಳಿದಾಗ ಬೇಸಿಗೆಯ ಟೈರಿನ ರಬ್ಬರು ಬಿರುಸಾಗುತ್ತದೆ, ಚಳಿಗಾಲದ ಟೈರು ಮೆದುವಾಗಿಯೇ ಇರುತ್ತದೆ. ಹಿಂದೆ ಮಾತ್ರ ಹಾಕಿದರೆ ಸಾಲದು, ನಾಲ್ಕೂ ಬೇಕು. ತಳ್ಳುವ ಕೆಲಸ ಹಿಂದಿನವುಗಳದಾದರೂ ತಿರುಗಿಸುವುದು ಮುಂದಿನವು, ನಿಲ್ಲಿಸುವುದರಲ್ಲಿ ದೊಡ್ಡ ಪಾಲೂ ಮುಂದಿನವುಗಳದೇ. ಬೇಕಿರುವುದಕ್ಕಿಂತ ಅಗಲದ ಟೈರು ಹಿಮದ ಮೇಲೆ ತೇಲುತ್ತದೆ, ಕಿರಿದಾದದ್ದು ಹಿಮವನ್ನು ಕೊಯ್ದು ನೆಲ ಮುಟ್ಟುತ್ತದೆ.

ಆದರೆ ಟೂ-ವೀಲ್ ಡ್ರೈವ್ ಟ್ರಕ್ಕನ್ನು ನಿಜವಾಗಿ ಕೆಲಸಕ್ಕೆ ಹಚ್ಚುವುದು ಹಿಂದಿನ ಎರಡೂ ಚಕ್ರಗಳಿಗೆ ಬಿಗಿದ ಕಬ್ಬಿಣದ ಚೈನು. ಗಡ್ಡೆಗಟ್ಟಿದ ನೆಲದ ಮೇಲೆ ಮರಳಿನ ಭಾರದಿಂದ ಸಿಗದ ಹಿಡಿತವನ್ನು ಅದು ಕಚ್ಚಿ ಹಿಡಿಯುತ್ತದೆ. ನಿಮ್ಮ ಟೈರಿನ ಅಳತೆಗೆ ಸರಿಹೊಂದುವುದನ್ನೇ ಕೊಳ್ಳಿ. ಚಕ್ರದ ಮಡ್‌ಗಾರ್ಡಿಗೂ ಬ್ರೇಕಿನ ಕೊಳವೆಗೂ ತಗುಲುವುದಿಲ್ಲವೇ ಎಂದು ಮಾಲೀಕನ ಕೈಪಿಡಿಯಲ್ಲಿ ಖಚಿತಪಡಿಸಿಕೊಳ್ಳಿ. ಹಾಕಿದ ಮೇಲೆ ಸ್ವಲ್ಪ ದೂರ ಓಡಿಸಿ ಮತ್ತೊಮ್ಮೆ ಬಿಗಿಯಿರಿ, ಗಂಟೆಗೆ 50 ಕಿಲೋಮೀಟರ್ ಮೀರಬೇಡಿ. ಬರಿ ಕಾಂಕ್ರೀಟಿನ ಮೇಲೆ, ಅಲಂಕಾರದ ಕಲ್ಲುಹಾಸಿನ ಮೇಲೆ ಚೈನು ಗೀರು ಬೀಳಿಸುತ್ತದೆ ಎಂಬುದೂ ತಿಳಿದಿರಲಿ. ಗ್ಯಾರೇಜಿನ ನೆಲದ ಮೇಲೆ ಬೆಚ್ಚಗೆ ಕೂತು ಚೈನು ಹಾಕುವುದನ್ನು ಅಕ್ಟೋಬರಿನಲ್ಲೇ ರೂಢಿ ಮಾಡಿಕೊಂಡರೆ, ಬಿರುಗಾಳಿಯ ರಾತ್ರಿ ಕೈ ಮರಗಟ್ಟಿದಾಗ ಪರದಾಡುವುದು ತಪ್ಪುತ್ತದೆ.

ಇಷ್ಟಾದರೂ ಒಂದು ಹಿಂಗಾಲಿ ಗಿರಗಿರ ತಿರುಗುತ್ತ ಇನ್ನೊಂದು ಸುಮ್ಮನೆ ನಿಂತಿದ್ದರೆ ತೊಂದರೆ ಡಿಫರೆನ್ಷಿಯಲ್‌ನಲ್ಲಿದೆ. ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಸಮನಾದ ತಿರುಚುಬಲ ಕೊಡುವುದರಿಂದ, ಜಾರುವ ಚಕ್ರಕ್ಕೆ ಎಷ್ಟು ಸಾಧ್ಯವೋ ಜಾರದ ಚಕ್ರಕ್ಕೂ ಅಷ್ಟೇ ಸಿಗುವುದು. ಲಿಮಿಟೆಡ್ ಸ್ಲಿಪ್ ಅಥವಾ ಲಾಕಿಂಗ್ ಡಿಫರೆನ್ಷಿಯಲ್ ಇರುವ ಟ್ರಕ್ ಈ ಕೆಲಸಕ್ಕೆ ಎಷ್ಟೋ ಮೇಲು. ಹಳೆಯ ಪಿಕಪ್ ಕೊಳ್ಳುವವರು ಬಣ್ಣ, ಸೀಟುಗಳಿಗಿಂತ ಮೊದಲು ಕೇಳಬೇಕಾದದ್ದು ಇದನ್ನೇ. ಟ್ರ್ಯಾಕ್ಷನ್ ಕಂಟ್ರೋಲ್ ಇರುವ ಹೊಸ ಟ್ರಕ್ಕುಗಳಲ್ಲಿ ಹಿಮ ಬಾಚುವ ಹೊತ್ತಿಗೆ ಅದನ್ನು ಆರಿಸಿ. ಇಲ್ಲದಿದ್ದರೆ ಚಕ್ರ ಸ್ವಲ್ಪ ಜಾರಿದರೂ ಅದು ಎಂಜಿನ್ನಿನ ಬಲವನ್ನು ಕತ್ತರಿಸಿ, ರಾಶಿಯ ನಡುವೆ ಟ್ರಕ್ಕನ್ನು ನಿಲ್ಲಿಸಿಬಿಡುತ್ತದೆ.

ಬ್ಲೇಡ್ ಎಂಥದಿರಬೇಕು

ಮಿಲ್ವಾಕಿಯ ವೆಸ್ಟರ್ನ್, ಮೇನ್ ರಾಜ್ಯದ ಫಿಶರ್, ಕ್ಲೀವ್‌ಲ್ಯಾಂಡಿನ ಮೇಯರ್, ಮಿಶಿಗನ್ನಿನ ಐರನ್ ಮೌಂಟನ್ನಿನ ಬಾಸ್ ಇವು ಅಮೆರಿಕದಲ್ಲಿ ಹೆಸರಾದ ಪ್ಲೋಗಳು. ನಿಮಗೆ ಬೇಕಾದದ್ದು ಇವರ ಪಟ್ಟಿಯಲ್ಲಿ ಅತಿ ಹಗುರವಾದ, ಮನೆಬಳಕೆಯ ಸಾಲಿನದು. ಪ್ಲೋ ಭಾರವಾದಷ್ಟೂ ಹಿಂಗಾಲಿ ಹಗುರಾಗುತ್ತದೆ. ಟೂ-ವೀಲ್ ಡ್ರೈವ್ ಮಾದರಿಗಳ ಮುಂಭಾಗದ ರಚನೆ ಬೇರೆ ಇರಬಹುದಾದ್ದರಿಂದ, ನಿಮ್ಮ ಮಾದರಿಗೆ, ನಿಮ್ಮ ವರ್ಷದ ಟ್ರಕ್ಕಿಗೆ ಹೊಂದುವ ಮೌಂಟ್ ಸಿಗುತ್ತದೆಯೇ ಎಂದು ದುಡ್ಡು ಕೊಡುವ ಮುಂಚೆ ವಿಚಾರಿಸಿ. ಅಗಲ ತೀರಾ ಕಿರಿದಾಗಬಾರದು. ಏಳೂವರೆ ಅಡಿಯ ಬ್ಲೇಡನ್ನು 30 ಡಿಗ್ರಿ ಓರೆ ಮಾಡಿದರೆ ಬಾಚುವ ದಾರಿ ಆರೂವರೆ ಅಡಿಗೆ ಇಳಿಯುತ್ತದೆ. ಆ ದಾರಿಯೊಳಗೆ ನಿಮ್ಮ ಹಿಂದಿನ ಎರಡೂ ಚಕ್ರ ಹಿಡಿಸಬೇಕು. ಜಲ್ಲಿಯ ಅಂಗಳವಾದರೆ ಬ್ಲೇಡಿನ ಕೆಳಗಿನ ಪಾದಗಳನ್ನು ಇಳಿಸಿ ಬ್ಲೇಡನ್ನು ನೆಲದಿಂದ ತುಸು ಮೇಲೆ ನಿಲ್ಲಿಸಿ, ಇಲ್ಲದಿದ್ದರೆ ಹಿಮದ ಜೊತೆ ಜಲ್ಲಿಯೂ ಹುಲ್ಲುಹಾಸಿಗೆ ಹೋಗುತ್ತದೆ. ಬ್ಲೇಡ್ ಎತ್ತುವ ಪಂಪ್ ಬ್ಯಾಟರಿಯನ್ನು ಹೀರುತ್ತದೆ, ಹಳೆಯ ಬ್ಯಾಟರಿ ಇದ್ದರೆ ಬದಲಿಸಿ.

ಬಾಚುವ ಕ್ರಮ

ಹಿಮ ನಿಲ್ಲಲಿ ಎಂದು ಕಾಯಬೇಡಿ. ನಾಲ್ಕು ಚಕ್ರದವರು ಒಂದಡಿ ಹಿಮವನ್ನು ಒಮ್ಮೆಗೇ ತಳ್ಳಬಹುದು. ನೀವು ಮೂರು-ನಾಲ್ಕು ಇಂಚು ಆಗುತ್ತಲೇ ಒಂದು ಸುತ್ತು, ಮತ್ತೆ ಅಷ್ಟಾದಾಗ ಇನ್ನೊಂದು ಸುತ್ತು ಹೋಗಬೇಕು. ರಾತ್ರಿ ಎದ್ದು ಬಾಚುವುದು ಕಷ್ಟ ನಿಜ, ಬೆಳಿಗ್ಗೆ ಸಿಕ್ಕಿಹಾಕಿಕೊಂಡ ಟ್ರಕ್ಕನ್ನು ಅಗೆದು ತೆಗೆಯುವುದು ಅದಕ್ಕಿಂತ ಕಷ್ಟ.

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಹಿಂದಿನ ಚಕ್ರಗಳು ಯಾವಾಗಲೂ ಬಾಚಿದ ನೆಲದ ಮೇಲೇ ಇರಬೇಕು. ಮುಂದೆ ಹೋಗುವಾಗ ಬ್ಲೇಡ್ ದಾರಿ ಮಾಡಿಕೊಡುತ್ತದೆ. ರಿವರ್ಸ್ ಬರುವಾಗ ಬಂದ ದಾರಿಯಲ್ಲೇ ನೇರವಾಗಿ ಹಿಂದಿರುಗಿ. ಟ್ರಕ್ ತಿರುಗಿಸಲೆಂದು ಬಾಚದ ಹಿಮದೊಳಕ್ಕೆ ಹಿಂಭಾಗ ನುಗ್ಗಿಸಿದರೆ ಅಲ್ಲಿಗೇ ಕೆಲಸ ನಿಂತಿತು. ಮೊದಲು ನಡುದಾರಿ ತೆರೆದುಕೊಂಡು, ಆಮೇಲೆ ಅರ್ಧ ಬ್ಲೇಡಿನಷ್ಟು ಅಗಲವನ್ನೇ ಹಿಡಿದು ಅಂಚುಗಳತ್ತ ಸರಿಯುತ್ತ ಹೋಗಿ. ಓರೆ ಮಾಡಿದ ಬ್ಲೇಡಿಗೆ ಪೂರ್ತಿ ಹೊರೆ ಕೊಟ್ಟರೆ ಹಿಮ ಪಕ್ಕಕ್ಕೆ ಸರಿಯುವ ಬದಲು ಟ್ರಕ್ಕಿನ ಮೂತಿಯೇ ಪಕ್ಕಕ್ಕೆ ಸರಿಯುತ್ತದೆ. ವೇಗ ಗಂಟೆಗೆ 16 ಕಿಲೋಮೀಟರ್ ದಾಟದಿರಲಿ. ಹಿಮದಡಿಯ ಕಲ್ಲಿಗೆ ಬ್ಲೇಡ್ ತಗುಲಿದಾಗ ಸೀಟ್ ಬೆಲ್ಟ್ ಹಾಕದವರ ತಲೆ ಗಾಜಿಗೆ ಬಡಿಯುತ್ತದೆ. ಮುಂದಕ್ಕೂ ಹಿಂದಕ್ಕೂ ಗೇರ್ ಬದಲಿಸುವ ಮುನ್ನ ಟ್ರಕ್ ಪೂರ್ತಿ ನಿಂತಿರಬೇಕು. ಹಿಮ ಬಾಚುವ ಪಿಕಪ್ಪುಗಳ ಗೇರ್‌ಬಾಕ್ಸ್ ಹಾಳಾಗುವುದು ಹೆಚ್ಚಾಗಿ ಈ ಅವಸರದಿಂದ.

ಅಂಗಳದಲ್ಲಿ ಸಣ್ಣ ಏರು ಇದ್ದರೆ ಮೇಲಿಂದ ಕೆಳಕ್ಕೆ ಬಾಚಿ. ಮೇಲಕ್ಕೆ ಹೇಗೆ ಹೋಗುವುದು ಎಂಬುದರಲ್ಲಿ ಸೂಕ್ಷ್ಮವಿದೆ. ಏರನ್ನು ಮುಖ ಮಾಡಿ ಹತ್ತುವಾಗ ಭಾರ ಹಿಂದಕ್ಕೆ ಸರಿದು ಹಿಂಗಾಲಿಗಳಿಗೆ ಹಿಡಿತ ಹೆಚ್ಚುತ್ತದೆ. ರಿವರ್ಸಿನಲ್ಲಿ ಹತ್ತುವಾಗ ಹಿಂಗಾಲಿಗಳೇ ಮೇಲ್ಬದಿಯಲ್ಲಿದ್ದು ಇನ್ನಷ್ಟು ಹಗುರಾಗುತ್ತವೆ, ಎತ್ತಿದ ಪ್ಲೋ ಬೇರೆ ಕೆಳಕ್ಕೆ ಎಳೆಯುತ್ತದೆ. ಹಾಗಾಗಿ ಮುಖ ಮಾಡಿಯೇ ಹತ್ತಿ, ಮೇಲೆ ತಿರುಗಿಸಿಕೊಂಡು, ಬಾಚುತ್ತ ಇಳಿಯಿರಿ. ಮೇಲೆ ತಿರುಗಿಸಲು ಜಾಗವಿಲ್ಲದ ಏರುದಾರಿಗೆ ಈ ಟ್ರಕ್ ತಕ್ಕುದಲ್ಲ, ಚೈನು ಇದ್ದರೂ ಅಷ್ಟೇ. ಇಳಿಯುವಾಗ ಮುಂದಿನ ಚಕ್ರಗಳಿಗೆ ಚೈನಿಲ್ಲ ಎಂಬುದು ನೆನಪಿರಲಿ, ಅವು ಜಾರಿದರೆ ಸ್ಟೇರಿಂಗ್ ತಿರುಗಿಸಿದರೂ ಟ್ರಕ್ ತಿರುಗುವುದಿಲ್ಲ.

ಗ್ಯಾರೇಜಿನ ಬಾಗಿಲ ಮುಂದಿನ ಹಿಮವನ್ನು ಬಾಗಿಲ ಹತ್ತಿರ ಬ್ಲೇಡ್ ಇಳಿಸಿ, ರಿವರ್ಸಿನಲ್ಲಿ ಎಳೆದು ತಂದು, ಆಮೇಲೆ ತಳ್ಳಬೇಕು. ಮೊದಲ ಹಿಮವನ್ನು ಅಂಚಿನಿಂದ ಸಾಕಷ್ಟು ಆಚೆಗೇ ಗುಡ್ಡೆ ಹಾಕಿ. ಡಿಸೆಂಬರಿನ ಗುಡ್ಡೆ ಗಡ್ಡೆಯಾಗಿ ಜನವರಿಯಲ್ಲಿ ಗೋಡೆಯಾಗುತ್ತದೆ, ಅದನ್ನು ಹಿಂದಕ್ಕೆ ಸರಿಸುವ ಶಕ್ತಿ ನಿಮ್ಮ ಟ್ರಕ್ಕಿಗಿರುವುದಿಲ್ಲ. ಗುಡ್ಡೆ ಹತ್ತಿರವಾಗುತ್ತಿದ್ದಂತೆ ಬ್ಲೇಡನ್ನು ನಿಧಾನ ಎತ್ತಿ, ಗುದ್ದಬೇಡಿ. ಮುಂದಿನ ಚಕ್ರಗಳು ಗುಡ್ಡೆ ಹತ್ತಿದರೆ ಟ್ರಕ್ಕಿನ ಹೊಟ್ಟೆ ಹಿಮದ ಮೇಲೆ ಕೂತುಬಿಡುತ್ತದೆ.

ಡ್ರೈವ್‌ವೇ ಬಾಯಿಗೆ ಊರಿನ ಪ್ಲೋ ಸುರಿದುಹೋಗುವ ಹಿಮದ ಏರಿ ಎಲ್ಲರಿಗೂ ಸಿಟ್ಟು ತರಿಸುತ್ತದೆ. ಅಮೆರಿಕದಲ್ಲಿ ವಾಹನಗಳು ಬಲಬದಿಯಲ್ಲಿ ಓಡುವುದರಿಂದ, ರಸ್ತೆಗೆ ಮುಖ ಮಾಡಿ ನಿಂತರೆ ಆ ಪ್ಲೋ ಎಡಗಡೆಯಿಂದ ಬರುತ್ತದೆ. ನಿಮ್ಮ ಡ್ರೈವ್‌ವೇಗಿಂತ ಎಡಕ್ಕೆ ರಸ್ತೆಯಂಚಿನಲ್ಲಿ ಕೆಲವು ಮೀಟರ್ ಜಾಗ ಬಾಚಿ ಬಿಟ್ಟರೆ, ಅದರ ಹೊರೆಯ ದೊಡ್ಡ ಪಾಲು ಅಲ್ಲೇ ಇಳಿದುಹೋಗುತ್ತದೆ. ಸಿಟ್ಟಿಗೆ ಹಿಮವನ್ನು ಮರಳಿ ರಸ್ತೆಗೆ ತಳ್ಳಬೇಡಿ, ರಸ್ತೆ ದಾಟಿಸಿ ಎದುರು ಬದಿಗೂ ಒಯ್ಯಬೇಡಿ. ಮಿಶಿಗನ್ನಿನಲ್ಲಿ ಹಾಗೆ ರಸ್ತೆಯ ಮೇಲೆ ಹಿಮ ಬಿಡುವುದು ಕಾನೂನಿಗೆ ವಿರುದ್ಧ, ಬೇರೆ ಹಿಮರಾಜ್ಯಗಳಲ್ಲೂ ಇಂಥ ನಿಯಮಗಳಿವೆ. ಅಗ್ನಿಶಾಮಕದವರ ಹೈಡ್ರಂಟ್ ಹೂತುಹಾಕಬೇಡಿ.

ಬಾಚಿದ ಮೇಲೆ ಉಳಿಯುವ ತೆಳುಪದರಕ್ಕೆ ಕಲ್ಲುಪ್ಪು ಸಾಕು. ಮೈನಸ್ 9 ಡಿಗ್ರಿಗಿಂತ ಚಳಿ ಹೆಚ್ಚಿದರೆ ಅದು ಹೆಚ್ಚು ಕೆಲಸ ಮಾಡದು. ಆಗ ಕ್ಯಾಲ್ಸಿಯಂ ಕ್ಲೋರೈಡ್ ಅಥವಾ ಬರಿ ಮರಳು.

ಸಿಕ್ಕಿಹಾಕಿಕೊಂಡರೆ

ಎಂದಾದರೂ ಒಮ್ಮೆ ಸಿಕ್ಕಿಹಾಕಿಕೊಳ್ಳುತ್ತೀರಿ. ಆಕ್ಸಿಲರೇಟರ್ ಒತ್ತಿ ಚಕ್ರ ತಿರುಗಿಸುತ್ತ ಹೋದರೆ ಕೆಳಗಿನ ಹಿಮ ಕರಗಿ, ಉಜ್ಜಿ, ಗಾಜಿನಂಥ ಗಡ್ಡೆಯಾಗುತ್ತದೆ. ಚಕ್ರ ಒಮ್ಮೆ ಜಾರಿದರೆ ನಿಲ್ಲಿಸಿ. ಸಲಿಕೆಯಿಂದ ಹಿಂಗಾಲಿಗಳ ಹಿಂದೂ ಮುಂದೂ ಬಿಡಿಸಿ, ಮರಳು ಹಾಕಿ, ಮುಂದಿನ ಚಕ್ರ ನೇರ ಮಾಡಿಕೊಂಡು ಹಗುರವಾಗಿ ಹೊರಡಿ. ಇನ್ನೊಂದು ವಾಹನದಿಂದ ಎಳೆಸುವುದಾದರೆ ಗಟ್ಟಿ ಕೊಕ್ಕೆಗೇ ಪಟ್ಟಿ ಕಟ್ಟಿ, ಟ್ರೈಲರ್ ಸಿಕ್ಕಿಸುವ ಗುಂಡಿಗೆ ಬೇಡ. ಅದು ಮುರಿದರೆ ಗುಂಡಿನಂತೆ ಹಾರುತ್ತದೆ. ಎಳೆಯುವ ಹೊತ್ತಿಗೆ ಯಾರೂ ಹತ್ತಿರ ನಿಲ್ಲಬಾರದು.

ಹಿಂಭಾಗ ಹಿಮದೊಳಗೆ ಹೊಕ್ಕಿದ್ದರೆ ಮೊದಲು ಹೊಗೆಕೊಳವೆಯ ಬಾಯಿ ಬಿಡಿಸಿ, ಆಮೇಲಷ್ಟೇ ಉಳಿದ ಕೆಲಸ. ಕೊಳವೆ ಮುಚ್ಚಿದ ವಾಹನದಲ್ಲಿ ಹೀಟರ್ ಹಾಕಿಕೊಂಡು ಕೂತರೆ ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬಿ ಪ್ರಾಣವನ್ನೇ ತೆಗೆಯುತ್ತದೆ. ಮನೆಗೆ ಹೊಸದಾಗಿ ಬಂದ ಅಪ್ಪ ಅಮ್ಮಂದಿರಿಗೆ, ಮಕ್ಕಳಿಗೆ ಇದನ್ನು ತಪ್ಪದೆ ಹೇಳಿಕೊಡಿ.

ಈಗಾಗಲೇ ಗ್ಯಾರೇಜಿನಲ್ಲಿರುವ ಹಿಂಗಾಲಿ ಪಿಕಪ್ಪಿಗೆ ಹಗುರ ಪ್ಲೋ, ಮರಳು, ಚೈನು, ಚಳಿಗಾಲದ ಟೈರು ಸೇರಿಸಿ ಸಮತಟ್ಟಾದ ಅಂಗಳ ಬಾಚಿಕೊಳ್ಳುವುದು ಬುದ್ಧಿವಂತಿಕೆಯ ಆಯ್ಕೆಯೇ. ಪ್ಲೋವಿಗೆಂದೇ ಹೊಸದಾಗಿ ಟ್ರಕ್ ಕೊಳ್ಳುವವರು ಮಾತ್ರ ಫೋರ್-ವೀಲ್ ಡ್ರೈವನ್ನೇ ಕೊಳ್ಳಿ. ಯಾವುದೇ ಟ್ರಕ್ ಇರಲಿ, ಹಿಮದ ರಜೆಯ ದಿನ ಅಕ್ಕಪಕ್ಕದ ಮಕ್ಕಳು ರಸ್ತೆಯಂಚಿನ ಗುಡ್ಡೆಗಳಲ್ಲಿ ಸುರಂಗ ಕೊರೆದು ಒಳಗೆ ಕೂತಿರುತ್ತಾರೆ. ಬ್ಲೇಡ್ ಇಳಿಸುವ ಮುನ್ನ ಕೆಳಗಿಳಿದು, ಪ್ರತಿಯೊಂದು ಗುಡ್ಡೆಯ ಹಿಂದೆಯೂ ಕಣ್ಣಾರೆ ನೋಡಿ ಬನ್ನಿ.